ಬಾಕೆಸರ ಮಣ್ಣಿನ ಪರೀಕ್ಷೆ

ಮೋಲ್ ಬರುವುದು ಸೋಮಾರಿಗಳ ತೋಟಕ್ಕೆ ಮಾತ್ರ ಎಂದು ವೆಂಡೆಲಿನ್ ಬಾಕೆಸರು ತೋಟಗಾರರ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಹೇಳಿದರು. ಹೇಳುವ ಅಗತ್ಯವೇನೂ ಇರಲಿಲ್ಲ. ಆಗ ಚರ್ಚೆ ನಡೆಯುತ್ತಿದ್ದದ್ದು ಸೋರುವ ನಲ್ಲಿಯೊಂದರ ವಿಚಾರ. ಆದರೆ ಬಾಕೆಸರಿಗೆ ಒಮ್ಮೆ ಎದ್ದು ನಿಂತರೆ ಏನಾದರೊಂದು ಹೇಳದೆ ಕೂತು ಅಭ್ಯಾಸವಿರಲಿಲ್ಲ. ಜೀವಮಾನವೆಲ್ಲ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವರು; ನಿಂತವರ ಮಾತನ್ನು ಕೂತವರು ಕೇಳಬೇಕು ಎಂಬುದು ಅವರ ಮಟ್ಟಿಗೆ ಸೃಷ್ಟಿಯ ನಿಯಮವಾಗಿತ್ತು.

ಮೋಲ್ ಎಂದರೆ ಮೊಲವಲ್ಲ. ಮೊಲಕ್ಕೆ ಕಿವಿ ಉಂಟು, ಕಣ್ಣು ಉಂಟು, ನಾಚಿಕೆಯೂ ಉಂಟು. ಇದು ನೆಲದಡಿಯಲ್ಲಿ ಸುರಂಗ ಕೊರೆದುಕೊಂಡು, ಎರೆಹುಳು ತಿಂದುಕೊಂಡು, ಯಾರ ಮುಖವನ್ನೂ ನೋಡದೆ ಬಾಳುವ ಗೇಣುದ್ದದ ಪ್ರಾಣಿ. ಕಪ್ಪು ಮಖಮಲ್ಲಿನಂಥ ಮೈ, ಸಲಿಕೆಯಂಥ ಅಂಗೈ. ಕೊರೆದ ಮಣ್ಣನ್ನು ಮೇಲಕ್ಕೆ ನೂಕಿ, ಹುಲ್ಲುಹಾಸಿನ ಮೇಲೆ ಗುಪ್ಪೆ ಹಾಕಿ ಹೋಗುವುದು ಅದರ ಕಸುಬು. ಜರ್ಮನಿಯಲ್ಲಿ ಅದನ್ನು ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ; ಬೋನಿಟ್ಟವರಿಗೆ ಎದೆ ಒಡೆಯುವಷ್ಟು ದಂಡ. ಬಾಕೆಸರಿಗೇ ಇಲ್ಲದ ಸರ್ಕಾರಿ ರಕ್ಷಣೆ ಅದಕ್ಕಿತ್ತು.

ಸಾರ್‌ಬ್ರುಕೆನ್ ನಗರದ ಅಂಚಿನಲ್ಲಿ, ರೈಲುಹಳಿಯ ಮಗ್ಗುಲಲ್ಲಿ ಉಷೋದಯ ತೋಟಗಾರರ ಸಂಘದ ನೆಲ. ಸದಸ್ಯರಿಗೆಲ್ಲ ಒಂದೊಂದು ತುಂಡು ತೋಟ, ತೋಟಕ್ಕೊಂದು ಮರದ ಗುಡಿಸಲು, ಗುಡಿಸಲಿಗೊಂದು ಬೇಲಿ, ಬೇಲಿಯಾಚೆ ಕಣ್ಣು ನೆಟ್ಟ ಒಬ್ಬ ನೆರೆಯವರು. ಯಾರ ಬೇಲಿ ಸೊಂಟ ಮೀರಿದೆ, ಯಾರ ಸೇಬಿನ ಕೊಂಬೆ ದಾರಿಗೆ ಬಾಗಿದೆ ಎಂದು ನೋಡುವ ಕೆಲಸವನ್ನು ಸಂಘ ಬಾಕೆಸರಿಗೆ ವಹಿಸಿತ್ತು. ಅವರು ಬರುವುದು ಕಂಡರೆ ಜನ ಕಾಫಿ ಲೋಟ ಕೆಳಗಿಟ್ಟು ಕತ್ತರಿ ಹಿಡಿಯುತ್ತಿದ್ದರು. ಅವರ ಸ್ವಂತ ಹುಲ್ಲುಹಾಸಂತೂ ಬಿಲಿಯರ್ಡ್ಸ್ ಮೇಜಿನ ಹಾಗಿತ್ತು. ಅದರ ಮೇಲೆ ಕಾಲಿಡಬೇಕಾದರೆ ಹೆಂಡತಿ ಹಿಲ್ಟ್ರೂಡ್ ಕೂಡ ಚಪ್ಪಲಿ ಬಿಡಬೇಕಾಗಿತ್ತು.

ಸಭೆ ಮುಗಿದ ಮರುವಾರದ ಒಂದು ಬೆಳಿಗ್ಗೆ, ಆ ಹುಲ್ಲುಹಾಸಿನ ನಟ್ಟನಡುವೆ ಒಂದು ಮಣ್ಣುಗುಪ್ಪೆ ಎದ್ದಿತ್ತು. ಕಪ್ಪಗೆ, ದುಂಡಗೆ, ಹಸಿಹಸಿಯಾಗಿ.

ಬಾಕೆಸರು ಅದನ್ನು ನೋಡುತ್ತ ನಿಂತಿರುವಾಗಲೇ ಬೇಲಿಯಾಚೆ ಫ್ರೌ ಕ್ರೆಮರ್ ಅವರ ತಲೆ ಕಾಣಿಸಿತು. ಅಲ್ಲಿ ಗೌರವಕ್ಕೆ ಹೆಂಗಸರನ್ನು ಫ್ರೌ ಎಂದೂ ಗಂಡಸರನ್ನು ಹೆರ್ ಎಂದೂ ಕರೆಯುತ್ತಾರೆ; ಈಕೆ ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ಊರಿನ ಸುದ್ದಿ ತಲುಪಿಸುವ ಕೆಲಸಕ್ಕೆ ಮಾತ್ರ ಅವರು ನಿವೃತ್ತಿ ತೆಗೆದುಕೊಂಡಿರಲಿಲ್ಲ.

"ಏನ್ರೀ ಅದು ಬಾಕೆಸ್ರೇ, ಹುಲ್ಲಿನ ಮಧ್ಯೆ?"

"ಮಣ್ಣು."

"ಮಣ್ಣು ಅಂತ ನಂಗೂ ಕಾಣತ್ತೆ. ಹ್ಯಾಗ್ ಬಂತು ಅಂತ ಕೇಳ್ದೆ."

"ನಾನೇ ಅಗ್ದೆ," ಎಂದರು ಬಾಕೆಸರು. "ಮಣ್ಣಿನ ಪರೀಕ್ಷೆ."

ಫ್ರೌ ಕ್ರೆಮರ್ ಅವರ ಕಣ್ಣು ಬಾಕೆಸರ ಬರಿಗೈಯ ಮೇಲೆ ಒಂದು ಗಳಿಗೆ ನಿಂತು, ಅಲ್ಲಿಂದ ದೂರದ ಗೋಡೆಗೆ ಒರಗಿದ್ದ ಸಲಿಕೆಗೆ ಹೋಗಿ, ಮರಳಿ ಬಂತು. ಆಮೇಲೆ ಅವರು ಟೊಮೇಟೊ ಗಿಡಗಳಿಗೆ ನೀರು ಹಾಕಲು ಹೋದರು.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸುಳ್ಳು ಹೇಳುವವರಿಗೆ ಇರುವುದು ಒಂದೇ ಬಾಯಿ, ಮೋಲ್‌ಗೆ ಎರಡು ಕೈ. ಮರುದಿನ ಇನ್ನೂ ಮೂರು ಗುಪ್ಪೆಗಳೆದ್ದವು. ಆಡಿದ ಮಾತಿಗೆ ತಪ್ಪದ ಬಾಕೆಸರು ಸಲಿಕೆ ಹಿಡಿದುಕೊಂಡು ಗುಪ್ಪೆಯಿಂದ ಗುಪ್ಪೆಗೆ ಓಡಾಡಿದರು. ಒಂದೊಂದರಿಂದ ಒಂದು ಚಿಟಿಕೆ ಮಣ್ಣು ತೆಗೆದು ಮೂಸಿದರು, ಬಿಸಿಲಿಗೆ ಹಿಡಿದು ನೋಡಿದರು, ಜಾಮ್ ಬಾಟಲಿಗಳಿಗೆ ತುಂಬಿ ಸಾಲಾಗಿ ಜೋಡಿಸಿದರು. ದಿನವೂ ಇದೇ ಆಯಿತು. ಯಾರಾದರೂ ದಾರಿಯಲ್ಲಿ ಹಾದರೆ ಹಣೆಯ ಬೆವರು ಒರೆಸಿಕೊಳ್ಳಬೇಕಾಗಿತ್ತು.

"ಅದು ಅಗಿಯತ್ತೆ, ನೀನು ನಾನೇ ಅಗ್ದಿದ್ದು ಅಂತೀಯ," ಎಂದಳು ಹಿಲ್ಟ್ರೂಡ್, ಗುಡಿಸಲ ಬಾಗಿಲಲ್ಲಿ ಆಲೂಗೆಡ್ಡೆ ಸುಲಿಯುತ್ತ. "ಸಂಬಳ ಏನಾದ್ರೂ ಕೊಡತ್ತಾ ಅದು?"

ನಿಜ ಹೇಳಿಬಿಡು ಎಂದು ಅವಳು ಎಷ್ಟೋ ಸಲ ಹೇಳಿದಳು. ಇಡೀ ಸಂಘದ ಮುಂದೆ ಆಡಿದ ಮಾತು ಇಷ್ಟು ಬೇಗ ನನ್ನದೇ ತೋಟಕ್ಕೆ ಬಂದು ಕೂತರೆ ಮುಖ ಎಲ್ಲಿಡಲಿ ಎಂದು ಬಾಕೆಸರ ವಾದ. ಮುಖಕ್ಕಿಂತ ಮೊದಲು ಕುರ್ಚಿ ಎಲ್ಲಿಡುವುದು ಹೇಳು, ಎಲ್ಲಿಟ್ಟರೂ ಒಂದು ಕಾಲು ಸುರಂಗಕ್ಕೆ ಇಳಿಯುತ್ತದೆ ಎಂದು ಅವಳ ಪ್ರತಿವಾದ.

ಇತ್ತ ಬ್ರೆಡ್ ಅಂಗಡಿಯ ಸಾಲಿನಲ್ಲಿ ಫ್ರೌ ಕ್ರೆಮರ್ ತಮ್ಮ ಸಂಶಯವನ್ನು ನಾಲ್ಕು ಜನರ ಮುಂದಿಟ್ಟಿದ್ದರು. ಇಷ್ಟು ದಿನ, ಇಷ್ಟು ಕಡೆ ಅಗೆದು ಯಾರಾದರೂ ಮಣ್ಣು ಪರೀಕ್ಷೆ ಮಾಡುತ್ತಾರೆಯೇ? ಆ ಮನುಷ್ಯ ಏನನ್ನೋ ಹುಡುಕುತ್ತಿದ್ದಾನೆ. ಆ ತೋಟ ಬಾಕೆಸರಿಗಿಂತ ಮುಂಚೆ ಯಾರ ಕೈಯಲ್ಲಿತ್ತು? ಕಲ್ಲಿದ್ದಲ ಗಣಿಯ ಮುದುಕ ಯಾಕೋಬನ ಕೈಯಲ್ಲಿ. ಯಾಕೋಬನ ತೋಟದಲ್ಲಿ ಏನಿತ್ತು? ಬೇಲಿಯುದ್ದಕ್ಕೂ ಮಿರಾಬೆಲ್ ಎಂಬ ಹಳದಿ ಪ್ಲಮ್ ಹಣ್ಣಿನ ಮರಗಳು. ಅಷ್ಟು ಹಣ್ಣನ್ನು ಒಂಟಿ ಮುದುಕ ಏನು ಮಾಡುತ್ತಿದ್ದ? ಯಾಕೋಬ ಬದುಕಿದ್ದಷ್ಟು ದಿನ ಯಾರಿಗೂ ಹೊಳೆಯದಿದ್ದ ಈ ಪ್ರಶ್ನೆಗೆ ಬ್ರೆಡ್ ಅಂಗಡಿಯ ಸಾಲು ಮುಂದೆ ಸರಿಯುವಷ್ಟರಲ್ಲಿ ಉತ್ತರ ಸಿಕ್ಕಿತು. ಕದ್ದು ಬ್ರಾಂದಿ ಇಳಿಸಿದ್ದಾನೆ. ಬಾಟಲಿಗೆ ತುಂಬಿ ತನ್ನ ನೆಲದಲ್ಲೂ ಅಕ್ಕಪಕ್ಕದವರ ನೆಲದಲ್ಲೂ ಹೂತಿದ್ದಾನೆ. ಗಣಿಯವನಿಗೆ ಹೂಳುವುದು ಹೇಳಿಕೊಡಬೇಕೆ?

ಅದೇ ವಾರ ಬಾಕೆಸರು ಯುದ್ಧ ಶುರು ಮಾಡಿದ್ದರು. ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ, ಆದರೆ ತಾನಾಗಿಯೇ ಬೇಸತ್ತು ಹೋದರೆ ಕಾನೂನು ಏನು ಮಾಡುತ್ತದೆ? ಮೋಲ್‌ಗೆ ಮೂಗು ಬಹಳ ಸೂಕ್ಷ್ಮ ಎಂದು ಯಾರೋ ಹೇಳಿದ್ದರು. ಸುರಂಗಗಳಿಗೆಲ್ಲ ಬೆಳ್ಳುಳ್ಳಿ ಜಜ್ಜಿ ತುರುಕಿದರು. ಮೋಲ್ ಬೆಳ್ಳುಳ್ಳಿಯನ್ನು ಮಣ್ಣಿನ ಜೊತೆಗೇ ಮೇಲಕ್ಕೆ ನೂಕಿತು. ಕ್ಷೌರದಂಗಡಿಯಿಂದ ಒಂದು ಚೀಲ ಕೂದಲು ತಂದು ಹಾಕಿದರು. ಅದು ಗೂಡಿಗೆ ಮೆತ್ತೆಯಾಗಿರಬೇಕು, ಮರಳಿ ಬರಲಿಲ್ಲ. ಮಜ್ಜಿಗೆ ಹುಳಿತರೆ ಆ ವಾಸನೆಗೆ ಮೋಲ್ ನಿಲ್ಲುವುದಿಲ್ಲ ಎಂದು ಕೇಳಿ ಅಂಗಡಿಯಲ್ಲಿದ್ದ ಮಜ್ಜಿಗೆಯನ್ನೆಲ್ಲ ಹೊತ್ತು ತಂದು ಸುರಿದರು. ಅದರ ವಾಸನೆಗೆ ಗುಡಿಸಲಲ್ಲಿ ನಿಲ್ಲಲಾಗದೆ ಹಿಲ್ಟ್ರೂಡ್ ಎರಡು ದಿನ ತೋಟಕ್ಕೇ ಬರಲಿಲ್ಲ. ಕೊನೆಗೆ ಖಾಲಿ ಬಾಟಲಿಗಳನ್ನು ಕತ್ತು ಮೇಲಾಗಿ, ಓರೆಯಾಗಿ ನೆಲದಲ್ಲಿ ಹೂತರು. ಗಾಳಿ ಬೀಸಿದಾಗ ಬಾಟಲಿ ಊಳಿಡುತ್ತದೆ, ಆ ಊಳು ಸುರಂಗದಲ್ಲೆಲ್ಲ ತುಂಬಿ ಮೋಲ್‌ಗೆ ತಲೆ ಚಿಟ್ಟು ಹಿಡಿಯುತ್ತದೆ ಎಂಬುದು ಲೆಕ್ಕಾಚಾರ.

ಹುಲ್ಲುಹಾಸಿನ ತುಂಬ ಖಾಲಿ ಬಾಟಲಿಗಳು, ಅಂಗಡಿಯ ಮಜ್ಜಿಗೆಯೆಲ್ಲ ಖಾಲಿ. ಫ್ರೌ ಕ್ರೆಮರ್ ಅವರಿಗೆ ಇನ್ನು ಯಾವ ಸಾಕ್ಷಿ ಬೇಕು? ಬಾಟಲಿ ಸಿಕ್ಕಿದೆ, ಕುಡಿದೂ ಆಗಿದೆ, ಅಮಲು ಇಳಿಸಿಕೊಳ್ಳಲು ಮಜ್ಜಿಗೆ ಸಾಲದಾಗಿದೆ. ಪಾಪ, ಹಿಲ್ಟ್ರೂಡ್ ಮನೆ ಸೇರಿಬಿಟ್ಟಿದ್ದಾಳೆ ನೋಡಿ ಎಂದು ಅವರು ಬ್ರೆಡ್ ಅಂಗಡಿಯಲ್ಲಿ ನಿಟ್ಟುಸಿರು ಬಿಟ್ಟರು.

ಸುದ್ದಿ ಸಂಘದ ಅಧ್ಯಕ್ಷರಾದ ಹೆರ್ ಗ್ರೋಸ್ ಅವರ ಕಿವಿಗೆ ಬಿತ್ತು. ಅವರು ಅಗ್ನಿಶಾಮಕ ದಳದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಗಂಭೀರ ಮನುಷ್ಯ, ಬೆಂಕಿಯನ್ನೂ ಮೊದಲು ಮಾತಾಡಿಸಿಯೇ ನೀರು ಹಾಕುತ್ತಿದ್ದರಂತೆ. ಒಂದು ಸಂಜೆ ಬಂದು ಬಾಕೆಸರ ಪಕ್ಕದಲ್ಲಿ ಕೂತು, ಹವಾಮಾನದ ವಿಚಾರ ಮುಗಿಸಿ, ಗುಪ್ಪೆಗಳತ್ತ ಕಣ್ಣು ಹಾಯಿಸಿದರು.

"ಸಿಕ್ತಾ?" ಎಂದರು, ತಗ್ಗಿದ ದನಿಯಲ್ಲಿ.

"ಏನು?"

"ಒಳಗಡೆ ಇರೋದು."

ಬಾಕೆಸರು ಹತ್ತಿರದ ಗುಪ್ಪೆಗೆ ಕಾಲು ಅಡ್ಡವಿಟ್ಟರು. "ಒಳಗಡೆ ಏನೂ ಇಲ್ಲ. ಬರೀ ಪರೀಕ್ಷೆ."

"ಇರ್ಲಿ, ಇರ್ಲಿ. ಒಬ್ರೇ ಮುಗಿಸ್ಬೇಡಿ ಅಂತ ಹೇಳಕ್ ಬಂದೆ."

"ಮುಗಿಸೋದಾ? ನಾನಾ? ಕಾನೂನಿದೆಯಲ್ಲ ಸಾರ್."

"ಕಾನೂನೆಲ್ಲಾ ನಮ್ ನಮ್ಮೊಳಗೆ ಬೇಡ," ಎಂದರು ಅಧ್ಯಕ್ಷರು, ಬಾಕೆಸರ ಮೊಣಕಾಲು ತಟ್ಟಿ. "ಹಳೇದಾದಷ್ಟೂ ರುಚಿ ಅಂತಾರೆ. ನಂಗೊಂದ್ ಚೂರು ಇಟ್ಟಿರಿ, ಸಾಕು."

ಅವರು ಹೋದ ಮೇಲೆ ಬಾಕೆಸರು ಎದ್ದು ನೇರ ಗುಡಿಸಲಿಗೆ ನಡೆದರು. ನಮ್ಮ ಅಧ್ಯಕ್ಷರಿಗೆ ಮೋಲ್ ತಿನ್ನುವ ಚಟವಿದೆ ಎಂದು ಅಂದೇ ಹೆಂಡತಿಗೆ ಹೇಳಿದರು. ಸುಳಿವು ಸಿಕ್ಕಿರಬಹುದು, ಆದರೆ ತಾನು ಒಪ್ಪಿಕೊಂಡಿಲ್ಲ, ಮೋಲ್ ತೊಲಗುವವರೆಗೂ ಒಪ್ಪಿಕೊಳ್ಳುವುದೂ ಇಲ್ಲ ಎಂದರು.

ಅವರ ಮನಸ್ಸಿಗೆ ಸ್ವಲ್ಪ ಸಮಾಧಾನ ತಂದದ್ದು ಒಂದೇ ವಿಷಯ. ಹತ್ತು ದಿನದೊಳಗೆ ಸಂಘದ ಅನೇಕ ತೋಟಗಳಲ್ಲಿ ಮಣ್ಣುಗುಪ್ಪೆಗಳು ಕಾಣಿಸಿಕೊಂಡವು. ಗುಪ್ಪೆಯ ಪಕ್ಕದಲ್ಲಿ ಸಲಿಕೆ ಹಿಡಿದ ಮಾಲೀಕ. ಏನು ಮಾಡುತ್ತಿದ್ದೀರಿ ಎಂದರೆ ಎಲ್ಲರದೂ ಒಂದೇ ಉತ್ತರ, ಮಣ್ಣಿನ ಪರೀಕ್ಷೆ. ಹಾಗೆ ಹೇಳಿ ಕಣ್ಣು ಬೇರೆ ಮಿಟುಕಿಸುತ್ತಿದ್ದರು. ತನ್ನ ಮಾದರಿಯಿಂದ ಸಂಘದಲ್ಲಿ ವೈಜ್ಞಾನಿಕ ದೃಷ್ಟಿ ಹಬ್ಬುತ್ತಿದೆಯೆಂದು ಬಾಕೆಸರ ಎದೆ ಉಬ್ಬಿತು.

ಆದರೆ ಮೋಲ್ ಹೋಗಲಿಲ್ಲ. ಬ್ಯಾಟರಿ ಹಾಕಿ ನೆಲಕ್ಕೆ ಚುಚ್ಚುವ ಒಂದು ಕೋಲು ತಂದರು. ಅದು ನೆಲದೊಳಗೆ ಆಗಾಗ ಪೀಂ ಎನ್ನುತ್ತದೆ, ಆ ಸದ್ದಿಗೆ ಮೋಲ್ ಊರು ಬಿಡುತ್ತದೆ ಎಂದು ಅಂಗಡಿಯವನು ಭರವಸೆ ಕೊಟ್ಟಿದ್ದ. ಮೋಲ್ ಆ ಕೋಲಿನ ಬುಡ ಸಡಿಲಿಸಿ, ತನ್ನ ಸುರಂಗದೊಳಕ್ಕೇ ಇಳಿಸಿಕೊಂಡು, ಮೇಲೆ ಮಣ್ಣು ಮುಚ್ಚಿಬಿಟ್ಟಿತು. ಎಷ್ಟು ಕೆದಕಿದರೂ ಬಾಕೆಸರಿಗೆ ಅದು ಸಿಗಲಿಲ್ಲ. ಪೀಂ ಎನ್ನುವ ಸದ್ದು ಮಾತ್ರ ಪಾತಾಳದಿಂದ ಬಂದಂತೆ ಬರುತ್ತಲೇ ಇತ್ತು.

ಆ ಶನಿವಾರ ಹಿಲ್ಟ್ರೂಡಳ ತಂಗಿ ಓಡಿಲ್ ಗಂಡನ ಜೊತೆ ಊಟಕ್ಕೆ ಬಂದಳು. ಗಂಡ ರೆಮೀ, ಅಂದರೆ ಬಾಕೆಸರ ಷಡ್ಡಕ, ಗಡಿಯಾಚೆಯ ಫ್ರಾನ್ಸಿನವನು. ಹುಲ್ಲುಗಾವಲಿಟ್ಟುಕೊಂಡು ಹಸು ಸಾಕುವವನು. ಮೋಲ್ ಗುಪ್ಪೆಯ ಮಣ್ಣು ಮೇವಿಗೆ ಸೇರಿದರೆ ಹಸು ಕಾಯಿಲೆ ಬೀಳುತ್ತದೆ, ಕೊಯ್ಯುವ ಯಂತ್ರದ ಅಲಗು ಮುರಿಯುತ್ತದೆ. ಹಾಗಾಗಿ ಅವನ ಊರಲ್ಲಿ ಬೋನಿಡುವುದು ಹಲ್ಲುಜ್ಜಿದಷ್ಟೇ ಸಹಜ. ಕೆಂಡದ ಮೇಲೆ ತೂಗುಬಿಟ್ಟ ಕಂಬಿಜಾಲರಿಯಲ್ಲಿ ಹಂದಿಮಾಂಸ ಸುಡುತ್ತಿರುವಾಗ ಅವನು ಹುಲ್ಲುಹಾಸನ್ನು ಒಂದು ಸುತ್ತು ನೋಡಿ ಬಂದ.

"ಬಾಟ್ಲಿ ಊದಿ ಮೋಲ್ ಓಡಿಸ್ತೀಯಾ ವೆಂಡೆಲಿನ್? ನಿಮ್ಮೂರಲ್ಲಿ ಅದಕ್ಕೆ ಬ್ಯಾಂಡ್ ಸೆಟ್ಟೂ ಕರೆಸ್ತೀರಾ?" ಎಂದು ಕೇಳಿ, ಕಾರಿನಿಂದ ಒಂದು ಬೋನು ತಂದ. ಇಕ್ಕಳದಂಥದ್ದು, ಎರಡು ದವಡೆ, ನಡುವೆ ಸಣ್ಣದೊಂದು ತಗಡು. ಮೋಲ್ ತಗಡಿಗೆ ಮೂಗು ತಾಗಿಸಿದರೆ ದವಡೆ ಮುಚ್ಚಿಕೊಳ್ಳುತ್ತದೆ. ಇಲ್ಲಿ ಇದು ಅಪರಾಧ ಕಣಪ್ಪ ಎಂದು ಬಾಕೆಸರು ಅಂಗಲಾಚಿದರು. ಅಪರಾಧವಾದರೆ ನಾನು ಮಾಡುತ್ತೇನೆ, ನೀನು ಮಾಂಸ ತಿರುಗಿಸು ಎಂದ ರೆಮೀ. ಕೋಲಿನಿಂದ ಎರಡು ಗುಪ್ಪೆಗಳ ನಡುವೆ ನೆಲ ಚುಚ್ಚುತ್ತ ಹೋಗಿ, ಕೋಲು ಸರಕ್ಕನೆ ಒಳಗಿಳಿದ ಕಡೆ ಸುರಂಗ ಬಗೆದ. ಮನುಷ್ಯರ ವಾಸನೆ ತಿಳಿಯದಿರಲಿ ಎಂದು ಬೋನಿಗೂ ಕೈಗೂ ಹಸಿ ಮಣ್ಣು ಉಜ್ಜಿಕೊಂಡ, ಬೋನನ್ನು ಸುರಂಗದ ನೇರಕ್ಕೆ ಕೂರಿಸಿದ, ಬೆಳಕು ಬೀಳದಂತೆ ಹುಲ್ಲು ಮುಚ್ಚಿ ಬಂದು ನೆಮ್ಮದಿಯಾಗಿ ಎರಡು ತುಂಡು ಜಾಸ್ತಿ ತಿಂದ.

ಬಾಕೆಸರಿಗೆ ತುತ್ತು ಇಳಿಯಲಿಲ್ಲ. ಜೀವನದಲ್ಲಿ ಟಿಕೆಟಿಲ್ಲದೆ ಒಂದು ನಿಲ್ದಾಣ ಹೋದವರಲ್ಲ. ಭಾನುವಾರ ಬೆಳಗಾಗುತ್ತಲೇ ತೋಟಕ್ಕೆ ಓಡಿ ಬಂದು, ಬೋನು ತೆಗೆದುಬಿಡೋಣವೆಂದು ಹೊಟ್ಟೆಯ ಮೇಲೆ ಮಲಗಿ ಸುರಂಗಕ್ಕೆ ಕೈ ಹಾಕಿದರು. ದವಡೆ ಯಾವ ಕಡೆ, ಹಿಡಿ ಯಾವ ಕಡೆ ಎಂದು ತಡವುತ್ತಿರುವಾಗ ತಗಡು ತಾಗಿತು. ಟಪ್. ನಾಲ್ಕು ಬೆರಳು ಒಳಗೆ.

ಕೈ ಹೊರಗೆಳೆಯುವುದು ಕಷ್ಟವೇನಿರಲಿಲ್ಲ, ಬೋನೂ ಜೊತೆಗೆ ಬರುತ್ತಿತ್ತು. ಆದರೆ ಎಳೆಯುವಷ್ಟರಲ್ಲಿ ಗೇಟಿನ ಸದ್ದಾಯಿತು. ಆ ದಿನ ಸಂಘದ ಕಾಫಿಕೂಟ, ಅಣಿ ಮಾಡಲು ಕೆಲವರು ಬೇಗನೆ ಬಂದಿದ್ದರು. ಹೆರ್ ಗ್ರೋಸ್, ಫ್ರೌ ಕ್ರೆಮರ್ ಮತ್ತು ಅವರ ಹಿಂದೆ ಕೇಕಿನ ತಟ್ಟೆ ಹಿಡಿದ ಏಳೆಂಟು ಜನ. ಬಾಕೆಸರು ಬೇಲಿಯ ಈಚೆ ನೆಲಕಚ್ಚಿ ಮಲಗಿದ್ದಾರೆ. ಒಂದು ಕೈ ಮೊಣಕೈವರೆಗೆ ನೆಲದೊಳಗೆ, ಮುಖ ಬಿಳಿಚಿದೆ.

"ಯಾರೂ ಹತ್ರ ಬರ್ಬೇಡಿ," ಎಂದರು ಬಾಕೆಸರು.

ಎಲ್ಲರೂ ನಿಂತರು. ಆ ನಿಶ್ಶಬ್ದದಲ್ಲಿ ನೆಲದೊಳಗಿಂದ ಸದ್ದು ಬಂತು. ಪೀಂ.

ಆ ಊರಿನಲ್ಲಿ ಯುದ್ಧಕಾಲದ ಬಾಂಬುಗಳು ಇಂದಿಗೂ ಅಡಿಪಾಯ ಅಗೆಯುವಾಗ ಸಿಗುವುದುಂಟು. ಸಣ್ಣ ಮಕ್ಕಳಿಗೂ ಗೊತ್ತಿರುವ ವಿಷಯ. ಅವು ಪೀಂ ಎನ್ನುವುದಿಲ್ಲ ಎಂಬುದು ಮಾತ್ರ ಆ ಗಳಿಗೆಯಲ್ಲಿ ಯಾರ ನೆನಪಿಗೂ ಬರಲಿಲ್ಲ. ಹೆರ್ ಗ್ರೋಸರೊಳಗೆ ನಿದ್ದೆ ಹೋಗಿದ್ದ ಅಗ್ನಿಶಾಮಕ ಅಧಿಕಾರಿ ಎದ್ದು ಕೂತ. ಕೈ ಅಲ್ಲಾಡಿಸಬೇಡಿ, ಉಸಿರು ಮೆಲ್ಲಗೆ ಬಿಡಿ ಎಂದು ಬಾಕೆಸರಿಗೆ ಆಜ್ಞೆ ಮಾಡಿ, ಜನರನ್ನು ಹಿಂದಕ್ಕೆ ಅಟ್ಟಿ, ಪೊಲೀಸರಿಗೆ ಫೋನು ಹಚ್ಚಿದರು. ಬಾಕೆಸರು ಬೇಡ ಬೇಡ ಎಂದದ್ದನ್ನು ತ್ಯಾಗವೆಂದು ತಿಳಿದುಕೊಂಡರು. ಸ್ವಲ್ಪ ಹೊತ್ತಿನಲ್ಲಿ ತೋಟಗಳೆಲ್ಲ ಖಾಲಿಯಾದವು. ಹಳಿಯ ಮೇಲೆ ರೈಲು ನಿಂತಿತು. ಎರಡು ಬೀದಿಯ ಜನರನ್ನು ಮನೆಯಿಂದ ಎಬ್ಬಿಸಿ ಚರ್ಚಿನ ಸಭಾಂಗಣಕ್ಕೆ ಕಳಿಸಿದರು. ಫ್ರೌ ಕ್ರೆಮರ್ ಮಾತ್ರ ದುರ್ಬೀನು ಹಿಡಿದು ಪೊಲೀಸರ ಅಡ್ಡಪಟ್ಟಿಯ ಬಳಿ ನಿಂತೇ ಇದ್ದರು.

ಬಾಂಬು ನಿಷ್ಕ್ರಿಯಗೊಳಿಸುವ ದಳದಿಂದ ಬಂದವರು ಫ್ರೌ ಹಾರ್ಟ್ಸ್ ಎಂಬ ಐವತ್ತರ ಹೆಂಗಸು. ದಪ್ಪನೆಯ ಕವಚ ತೊಟ್ಟು, ತೆವಳುತ್ತ ಬಂದು ಬಾಕೆಸರ ಪಕ್ಕದಲ್ಲೇ ಹೊಟ್ಟೆಯ ಮೇಲೆ ಮಲಗಿದರು.

"ಕೈಯಲ್ಲಿ ಏನಿದೆ?"

"ಕೈಯಲ್ಲಿ ಏನಿಲ್ಲಮ್ಮ. ಕೈಯೇ ಅದರಲ್ಲಿದೆ."

"ಒತ್ತಿ ಹಿಡ್ಕೊಂಡಿದೀರಾ?"

"ಅದೇ ನನ್ನ ಹಿಡ್ಕೊಂಡಿದೆ."

ಫ್ರೌ ಹಾರ್ಟ್ಸ್ ಬಾಕೆಸರ ಮುಖವನ್ನು ದಿಟ್ಟಿಸಿ ನೋಡಿದರು. ಆಗ ಬಾಕೆಸರು ಹುಲ್ಲಿಗೆ ಕೆನ್ನೆಯಿಟ್ಟುಕೊಂಡೇ ಎಲ್ಲವನ್ನೂ ಹೇಳಿದರು. ಸಭೆಯಲ್ಲಿ ಆಡಿದ ಮಾತು, ಮೊದಲ ಗುಪ್ಪೆ, ಬೆಳ್ಳುಳ್ಳಿ, ಮಜ್ಜಿಗೆ, ಬಾಟಲಿ, ಪೀಂ ಎನ್ನುವ ಕೋಲು, ಷಡ್ಡಕನ ಬೋನು. ಅಧ್ಯಕ್ಷರಿಗೆ ಅದನ್ನು ತಿನ್ನುವ ಆಸೆಯಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಅವರಿಬ್ಬರ ಮೂಗಿನ ಮುಂದೆಯೇ ಹುಲ್ಲು ಮಿಸುಕಿತು. ನೆಲ ಉಬ್ಬಿತು. ಮಣ್ಣು ಉಕ್ಕಿ ದುಂಡಗೆ ಗುಪ್ಪೆಯಾಯಿತು. ಅದರ ತುದಿಯಲ್ಲಿ ಒಂದು ಗುಲಾಬಿ ಮೂತಿ ಒಂದೇ ಒಂದು ಕ್ಷಣ ಹೊರಬಂದು, ಎರಡೂ ಕಡೆ ಮೂಸಿ, ಮತ್ತೆ ಒಳಗಿಳಿಯಿತು.

ಫ್ರೌ ಹಾರ್ಟ್ಸ್ ಹುಲ್ಲಿನಲ್ಲಿ ಮುಖ ಹುದುಗಿಸಿಕೊಂಡರು. ಅವರ ಹೆಗಲು ಕುಲುಕಾಡುತ್ತಿರುವುದು ದುರ್ಬೀನಿನಲ್ಲಿ ಕಂಡಿತು. ಅಳುತ್ತಿದ್ದಾರೆ, ಆಸೆಯಿಲ್ಲ ಎಂದು ಕಾಣುತ್ತದೆ ಎಂದು ಫ್ರೌ ಕ್ರೆಮರ್ ಸಭಾಂಗಣಕ್ಕೆ ಸುದ್ದಿ ಕಳಿಸಿದರು. ಅಲ್ಲಿ ಹಿಲ್ಟ್ರೂಡಳಿಗೆ ನಾಲ್ಕು ಜನ ನೀರು ಕುಡಿಸಿದರು. ನನ್ನ ಗಂಡನಿಗೆ ಏನೂ ಆಗಿರುವುದಿಲ್ಲ, ನನಗೆ ಅವನು ಗೊತ್ತು ಎಂದು ಅವಳು ಹೇಳಿದ್ದನ್ನು ಕೇಳಿ ಇನ್ನೂ ನಾಲ್ಕು ಜನ ಕಣ್ಣೊರೆಸಿಕೊಂಡರು.

ನಗು ತೀರಿದ ಮೇಲೆ ಫ್ರೌ ಹಾರ್ಟ್ಸ್ ದವಡೆ ಬಿಡಿಸಿದರು. ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ದಂಡ ಎಷ್ಟು ಬೀಳಬಹುದು ಎಂದು ಬಾಕೆಸರು ಕೇಳಿದರು.

"ಮೋಲ್ ಹಿಡಿಯೋ ಹಾಗಿಲ್ಲ, ನಿಜ," ಎಂದರು ಫ್ರೌ ಹಾರ್ಟ್ಸ್. "ಆದ್ರೆ ಈ ಬೋನು ಹಿಡ್ದಿದ್ದು ಟಿಕೆಟ್ ಇನ್ಸ್‌ಪೆಕ್ಟರನ್ನ. ನಿಮಗೆ ರಕ್ಷಣೆ ಕೊಡೋ ಕಾನೂನು ಇದ್ದ ಹಾಗಿಲ್ಲ. ಬೋನು ನಾನು ತಗೊಂಡು ಹೋಗ್ತೀನಿ. ಬಾಂಬ್ ಇಲ್ಲ ಅಂತ ನಾನು ಹೇಳ್ತೀನಿ. ಮಿಕ್ಕಿದ್ದು ನೀವೇ ಹೇಳ್ಬೇಕು."

ಸಭಾಂಗಣದ ಬಾಗಿಲು ತೆರೆದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಾಂಬ್ ಇಲ್ಲ ಎಂಬುದನ್ನು ಇನ್ನು ಮೇಲೆ ಇಲ್ಲ ಎಂದೇ ಅವರು ಅರ್ಥ ಮಾಡಿಕೊಂಡಿದ್ದರು; ಹೆರ್ ಗ್ರೋಸ್ ಭಾಷಣ ಶುರು ಮಾಡಿಯೇಬಿಟ್ಟಿದ್ದರು. ಇವರು ವಾರಗಟ್ಟಲೆ ಒಬ್ಬರೇ, ನಮಗೆ ಯಾರಿಗೂ ಗಾಬರಿಯಾಗದಿರಲಿ ಎಂದು ಮಣ್ಣಿನ ಪರೀಕ್ಷೆಯ ನೆಪ ಹೇಳಿಕೊಂಡು, ನಮ್ಮ ಜೀವಕ್ಕಾಗಿ ಹುಡುಕಿದ್ದಾರೆ. ಹೆಂಡಕ್ಕಾಗಿ ಅಗೆಯುತ್ತಿದ್ದಾರೆಂದು ನಾವು ಪಾಪಿಗಳು ತಿಳಿದೆವು ಎಂದರು. ದೊಡ್ಡ ದಾರಿಗೆ ಬಾಕೆಸರ ಹೆಸರಿಡಬೇಕೆಂದು ಹಿಂದಿನಿಂದ ಯಾರೋ ಸೂಚಿಸಿದರು. ಬಾಕೆಸರ ಕೈಗೆ ಕೇಕಿನ ತಟ್ಟೆ ಬಂತು. ಸುಮ್ಮನಿದ್ದರೆ ಸಾಕಿತ್ತು, ಸಾಯುವವರೆಗೆ ವೀರರಾಗಿ ಬದುಕಬಹುದಿತ್ತು. ಅವರು ಹಿಲ್ಟ್ರೂಡಳತ್ತ ನೋಡಿದರು. ಅವಳು ಕುರ್ಚಿಯೊಂದನ್ನು ಅವರತ್ತ ಎಳೆದಳು. ಬಾಕೆಸರು ಜೀವನದಲ್ಲಿ ಮೊದಲ ಸಲ ಸಭೆಯ ಮುಂದೆ ಕೂತುಕೊಂಡು ಮಾತಾಡಿದರು.

"ನನ್ನ ತೋಟದಲ್ಲಿ ಮೋಲ್ ಇದೆ," ಎಂದರು. "ಮೊದಲ ದಿನದಿಂದ ಇದೆ. ನಾನು ಒಂದು ಹಿಡಿ ಮಣ್ಣೂ ಅಗ್ದಿಲ್ಲ."

ಹೆರ್ ಗ್ರೋಸ್ ಅವರ ಬಾಯಿ ತೆರೆದದ್ದು ತೆರೆದೇ ಇತ್ತು. ಹೊರಗೆ ನಿಂತ ರೈಲು ಮತ್ತೆ ಹೊರಡುವುದು ಕೇಳಿಸಿತು. ಆಗ ಕಿಟಕಿಯ ಬಳಿಯಿಂದ ಫ್ರೌ ಕ್ರೆಮರ್, ಯಾರ ಮುಖವನ್ನೂ ನೋಡದೆ, ಹೇಳಿದರು.

"ನಂದ್ರಲ್ಲಿ ಎರಡಿವೆ."

ಕಳೆದ ವರ್ಷದಿಂದಲೂ ಇವೆಯಂತೆ. ಗುಪ್ಪೆಗಳನ್ನು ಬೆಳಗಾಗುವ ಮೊದಲೇ ಬಕೆಟ್ಟಿಗೆ ತುಂಬಿ ರೈಲುಹಳಿಯ ಪಕ್ಕ ಸುರಿದು ಬರುತ್ತಿದ್ದರಂತೆ. ಸಭೆಯಲ್ಲಿ ಬಾಕೆಸರು ಆ ಮಾತಾಡಿದ ಮೇಲಂತೂ ಸೊಂಟ ಬಿದ್ದುಹೋಗಿತ್ತು. ತಾವೇ ಎಬ್ಬಿಸಿದ ಬ್ರಾಂದಿಯ ಸುದ್ದಿ ಹರಡಿದ್ದೇ ತಡ, ಅವರು ಗುಪ್ಪೆ ಎತ್ತುವುದನ್ನು ಬಿಟ್ಟು ಪಕ್ಕದಲ್ಲಿ ಸಲಿಕೆ ಹಿಡಿದು ನಿಂತರು. ಇದನ್ನು ಕೇಳುತ್ತಿದ್ದಂತೆ ಮತ್ತೊಬ್ಬರು ಕೆಮ್ಮಿದರು, ಅವರದ್ದೂ ಅದೇ. ಹಿಂದಿನ ಸಾಲಿನವರದ್ದೂ ಅದೇ. ಇಡೀ ಸಂಘದಲ್ಲಿ ನಿಜವಾಗಿ ಬ್ರಾಂದಿಗಾಗಿ ಅಗೆದವರು ಇಬ್ಬರೋ ಮೂವರೋ. ಉಳಿದದ್ದೆಲ್ಲ ಮೋಲ್ ತೋಡಿದ್ದು. ಕೊನೆಗೆ ಎಲ್ಲರೂ ಹೆರ್ ಗ್ರೋಸ್ ಅವರತ್ತ ತಿರುಗಿದರು.

"ಬ್ರಾಂದಿ ಸಿಕ್ರೆ ಸಿಗ್ಲಿ ಅಂತ ಒಂದೆರಡು ಕಡೆ ನಾನೂ ಅಗ್ದಿದ್ದು ಹೌದು," ಎಂದರು ಅಧ್ಯಕ್ಷರು, ಗಂಟಲು ಸರಿ ಮಾಡಿಕೊಂಡು. "ಮಿಕ್ಕಿದ್ದು ನಂದಲ್ಲ."

ಮೊದಲು ನಕ್ಕವಳು ಹಿಲ್ಟ್ರೂಡ್. ಆಮೇಲೆ ಆ ನಗು ಎಲ್ಲಿಯವರೆಗೆ ಹೋಯಿತೆಂದರೆ, ಬೀದಿಯ ಕಡೆಯಿಂದ ಪೊಲೀಸರು ಮತ್ತೆ ಇಣುಕಿ ನೋಡಿದರು.

ತೋಟ ತಪಾಸಣೆಯ ಹುದ್ದೆಯನ್ನು ಸಂಘ ಅಂದೇ ರದ್ದು ಮಾಡಿತು, ಹಾಗೆ ಸೂಚಿಸಿದವರೂ ಬಾಕೆಸರೇ. ಬೆರಳುಗಳ ಊತ ಇಳಿಯಿತು. ಕೋಲಿನ ಬ್ಯಾಟರಿ ತೀರಿ ಪೀಂ ಎನ್ನುವುದೂ ನಿಂತಿತು. ಮೋಲ್ ನಿಲ್ಲಲಿಲ್ಲ. ಅದು ಎತ್ತಿಹಾಕುವ ಮಣ್ಣು ಜರಡಿ ಹಿಡಿದ ಹಾಗೆ ನುಣುಪಾಗಿರುತ್ತದೆ, ಒಂದು ಕಳೆಬೀಜ ಇರುವುದಿಲ್ಲ ಎಂದು ಕಂಡುಕೊಂಡ ಹಿಲ್ಟ್ರೂಡ್ ಅದನ್ನು ಕುಂಡಗಳಿಗೆ ತುಂಬಿದಳು. ಅವಳ ಜೆರೇನಿಯಂ ಗಿಡಗಳು ಆ ಬೇಸಿಗೆ ಬೇಲಿಗಿಂತ ಎತ್ತರ ಬೆಳೆದವು.

ಒಂದು ಮಧ್ಯಾಹ್ನ ಫ್ರೌ ಕ್ರೆಮರ್ ಬಕೆಟ್ ಹಿಡಿದುಕೊಂಡು ಬಂದರು.

"ಒಂದಿಷ್ಟು ಮಣ್ಣು ಕೊಡ್ತೀರಾ ಬಾಕೆಸ್ರೇ? ನನ್ನವು ಎರಡೂ ಹೆಂಟೆ ಹೆಂಟೆ ಎತ್ತತ್ವೆ. ನಿಮ್ಮದರಷ್ಟು ನುಣುಪಿರಲ್ಲ."

ಬಾಕೆಸರು ಕುರ್ಚಿಯಿಂದ ಎದ್ದರು. ಒಳ್ಳೆಯ ಗುಪ್ಪೆಯೊಂದನ್ನು ಆರಿಸಿ, ಸಲಿಕೆಯಿಂದ ಮೇಲುಮೇಲಿನ ಮಣ್ಣನ್ನು ಬಕೆಟ್ಟಿಗೆ ತುಂಬಿದರು. ತುಂಬಿದ ಮೇಲೂ ನಿಂತೇ ಇದ್ದರು.

"ಮೋಲ್ ಇಟ್ಕೊಳ್ಳೋದು ಅಂದ್ರೆ ಸುಮ್ನೆ ಅಲ್ಲ ಫ್ರೌ ಕ್ರೆಮರ್," ಎಂದರು. "ಅದು ಎಲ್ರಿಗೂ ಒಗ್ಗಲ್ಲ. ಮೊದಲ್ನೇದಾಗಿ, ನೆಲ ಹದವಾಗಿರ್ಬೇಕು. ಎರಡ್ನೇದಾಗಿ..."

ಹಿಲ್ಟ್ರೂಡ್ ಒಳಗಿನಿಂದ ಒಂದು ನಿಮಿಷ ಕೇಳಿಸಿಕೊಂಡು, ಮೇಜಿನ ಮೇಲಿದ್ದ ಗಂಡನ ಕಾಫಿಯನ್ನು ತಾನೇ ಕುಡಿದಳು. ಫ್ರೌ ಕ್ರೆಮರ್ ತುಂಬಿದ ಬಕೆಟ್ಟನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡರು. ಬಾಕೆಸರು ಇನ್ನೂ ಎರೆಹುಳುವಿನ ವಿಚಾರಕ್ಕೆ ಬಂದಿರಲಿಲ್ಲ.